ನಿರ್ವಿಚಿಕಿತ್ಸೆ ಮತ್ತು ನಮ್ಮ ಭೋಜನಶಾಲೆ

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳಿವೆಯೆಂಬುದನ್ನು ಪಾಠಶಾಲೆಗೆ ಹೋಗುವ ನಮ್ಮ ಮಕ್ಕಳೂ ಬಲ್ಲರು. ನಿಃಶಂಕಿತದಿಂದ ಆರಂಭಿಸಿ ಪ್ರಭಾವನೆಯವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತಾರೆ. ನಾನೂ ಐವತ್ತು ವರ್ಷಗಳಿಂದ ಹಾಗೆ ಒಪ್ಪಿಸುತ್ತ ಬಂದವನೇ. ಮೂರನೆಯ ಅಂಗವಾದ ನಿರ್ವಿಚಿಕಿತ್ಸೆಯನ್ನು ಕುರಿತು ಸ್ವಾಧ್ಯಾಯ ಸಭೆಗಳಲ್ಲಿ ಎಷ್ಟೋ ಬಾರಿ ಮಾತನಾಡಿದ್ದೇನೆ. ರೋಗಪೀಡಿತ ದೇಹವನ್ನು ಕಂಡು ಜುಗುಪ್ಸೆಪಡದಿರುವುದೇ ನಿರ್ವಿಚಿಕಿತ್ಸೆ ಎಂದು ಅರ್ಥ ಹೇಳಿ, ಉದ್ದಾಯನ ಮಹಾರಾಜನ ಕಥೆಯನ್ನು ಸೇರಿಸಿ, ಶ್ರೋತೃಗಳ ಕಣ್ಣು ತೇವವಾದುದನ್ನು ಕಂಡು ಸಂತೋಷಪಟ್ಟಿದ್ದೇನೆ. ಆದರೆ ಆ ಅಂಗ ನನ್ನಲ್ಲಿ ಇದೆಯೋ ಇಲ್ಲವೋ ಎಂಬ ಪರೀಕ್ಷೆ ಮೂರು ವರ್ಷಗಳ ಹಿಂದೆ ಬಂದಿತು. ಆ ಪರೀಕ್ಷೆಯಲ್ಲಿ ನಾನು ಅನುತ್ತೀರ್ಣನಾದೆ. ಅದನ್ನು ಓದುಗರ ಮುಂದೆ ಒಪ್ಪಿಕೊಳ್ಳುವುದಕ್ಕಾಗಿ ಈ ಲೇಖನ.

ವಿಜಯಪುರದ ಗಾಂಧಿ ಚೌಕದ ಸಮೀಪ ನಮ್ಮದು ಕಾಳುಕಡಿ ಮತ್ತು ಒಣದ್ರಾಕ್ಷಿಯ ಅಂಗಡಿ. ತಿಕೋಟಾ, ಬಬಲೇಶ್ವರ ಕಡೆಯ ರೈತರು ತರುವ ದ್ರಾಕ್ಷಿಯನ್ನು ಕೈಯಲ್ಲಿ ಹಿಡಿದು ನೋಡಿ ದರ ಹೇಳುವುದು ತಂದೆಯವರ ಕಾಲದಿಂದ ಬಂದ ರೂಢಿ. ವ್ಯಾಪಾರದ ಜೊತೆಗೆ ನಮ್ಮ ಸಮಾಜದ ಒಂದು ಟ್ರಸ್ಟಿನ ಲೆಕ್ಕಪತ್ರಗಳನ್ನೂ ನಾನು ನೋಡಿಕೊಳ್ಳುತ್ತೇನೆ. ಸಹಸ್ರಫಣಿ ಪಾರ್ಶ್ವನಾಥ ಸ್ವಾಮಿಯ ದರ್ಶನಕ್ಕೆಂದು ನಮ್ಮೂರಿಗೆ ಯಾತ್ರಿಕರು ಬರುತ್ತಿರುತ್ತಾರೆ. ಅವರಲ್ಲಿ ಕೆಲವರಿಗೆ ನಮ್ಮ ಟ್ರಸ್ಟಿನ ಚಿಕ್ಕ ಭೋಜನಶಾಲೆಯಲ್ಲಿ ಸೂರ್ಯಾಸ್ತದೊಳಗೆ ಶುದ್ಧ ಊಟ ದೊರೆಯುತ್ತದೆ. ಕಂದಮೂಲವಿಲ್ಲದ ಪಲ್ಯ, ಬೇಳೆ, ಬಿಸಿ ಜೋಳದ ರೊಟ್ಟಿ, ಹಬ್ಬದ ದಿನ ಶೇಂಗಾ ಹೋಳಿಗೆ.

ಆ ರೊಟ್ಟಿಗಳನ್ನು ಹದಿನಾಲ್ಕು ವರ್ಷ ಬಡಿದವರು ನಮ್ಮ ಸಮಾಜದವರೇ ಆದ ಒಬ್ಬ ವಿಧವೆ ತಾಯಿ. ಅವರ ಹೆಸರು ಇಲ್ಲಿ ಬೇಡ. ಏಕೆ ಬೇಡವೆಂಬುದನ್ನು ಮುಂದೆ ಹೇಳುತ್ತೇನೆ. ನನಗಿಂತ ಹತ್ತು ವರ್ಷ ಚಿಕ್ಕವರು, ನನ್ನನ್ನು ಅಣ್ಣಾರ ಎಂದು ಕರೆಯುತ್ತಾರೆ. ಮುನಿಗಳು ನಮ್ಮೂರಿಗೆ ಬಿಜಯಂಗೈದಾಗ ಚೌಕೆಯ ವ್ಯವಸ್ಥೆಯಲ್ಲಿಯೂ ಅವರ ಕೈ ಇರುತ್ತಿತ್ತು. ನೀರು ಸೋಸುವುದರಲ್ಲಿ, ಧಾನ್ಯ ಆರಿಸುವುದರಲ್ಲಿ ಅವರಷ್ಟು ಎಚ್ಚರ ವಹಿಸುವವರನ್ನು ನಾನು ಕಂಡಿಲ್ಲ.

ಮೂರು ವರ್ಷಗಳ ಹಿಂದೆ ಜ್ಯೇಷ್ಠ ಮಾಸದಲ್ಲಿ ಅವರ ಕಣ್ಣಿಗೆ ಪೊರೆ ಬಂದಿತು. ಶಸ್ತ್ರಚಿಕಿತ್ಸೆಗೆ ಮೊದಲು ರಕ್ತ ಪರೀಕ್ಷಿಸಿದಾಗ ಹೆಪಟೈಟಿಸ್ ಸಿ ಪಾಸಿಟಿವ್ ಎಂಬ ವರದಿ ಬಂದಿತು. ಮುಚ್ಚುಮರೆ ಅರಿಯದ ಆ ತಾಯಿ ವರದಿಯನ್ನು ನಮ್ಮ ಕಚೇರಿಗೇ ತಂದು, ಇದೇನೆಂದು ಓದಿ ಹೇಳಿರೆಂದರು. ಓದಿದ ನಾವು ಬೆಚ್ಚಿಬಿದ್ದೆವು. ಅಂದೇ ಸಂಜೆ ಸಭೆ ಸೇರಿತು. ಇದು ಕಾಮಾಲೆಯ ಜಾತಿಯ ರೋಗ, ಊಟದಿಂದ ಎಲ್ಲರಿಗೂ ಹಬ್ಬುತ್ತದೆ ಎಂದರು ಒಬ್ಬರು. ಯಾತ್ರಿಕರಿಗೆ ಗೊತ್ತಾದರೆ ಟ್ರಸ್ಟಿನ ಹೆಸರು ಕೆಡುತ್ತದೆ ಎಂದರು ಇನ್ನೊಬ್ಬರು. ನಾನು ಬಿ.ಕಾಂ. ಓದಿದವನು, ಕಾನೂನು ಬಲ್ಲವನೆಂಬ ಹೆಸರಿನವನು. ಆಹಾರ ತಯಾರಿಸುವವರು ಸಾಂಕ್ರಾಮಿಕ ರೋಗಗಳಿಂದ ಮುಕ್ತರಾಗಿರಬೇಕೆಂದು ನಿಯಮವಿದೆ ಎಂದು ನಾನೇ ಮುಂದಾಗಿ ಹೇಳಿದೆ. ಯಾತ್ರಿಕರ ಆರೋಗ್ಯದ ಹಿತದೃಷ್ಟಿಯಿಂದ ಅವರನ್ನು ಕೆಲಸದಿಂದ ಬಿಡಿಸಲಾಗಿದೆ ಎಂಬ ಠರಾವನ್ನು ನನ್ನ ಕೈಬರಹದಲ್ಲಿಯೇ ಬರೆದೆ. ಸಭೆ ಮುಗಿಯಲು ಇಪ್ಪತ್ತು ನಿಮಿಷ ಸಾಕಾಯಿತು. ಅಷ್ಟರಲ್ಲಿ ಒಬ್ಬ ವೈದ್ಯರನ್ನಾದರೂ ಕೇಳೋಣವೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ.

ಸಭೆಯ ಮಾತು ಗೋಡೆಯ ಆಚೆ ಹೋಗಲು ತಡವಾಗಲಿಲ್ಲ. ಅವರ ಮಗಳಿಗೆ ನಡೆಯುತ್ತಿದ್ದ ಸಂಬಂಧದ ಮಾತುಕತೆ ಆಷಾಢ ಕಳೆಯುವುದರೊಳಗೆ ನಿಂತುಹೋಯಿತು. ಇದನ್ನು ನಾನು ಕೇಳಿದೆ, ಮರುಕಪಟ್ಟೆ, ಸುಮ್ಮನಾದೆ.

ಭಾದ್ರಪದ ಬಂದಿತು. ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚ ಧರ್ಮದ ದಿನದ ಪ್ರವಚನ ನನ್ನ ಪಾಲಿಗೆ ಬಂದಿತ್ತು. ಶೌಚವೆಂದರೆ ಮೈ ತೊಳೆಯುವುದಷ್ಟೇ ಅಲ್ಲ, ಲೋಭದ ಮಲವನ್ನು ತೊಳೆಯುವುದು ಎಂದು ಒಂದು ಗಂಟೆ ಮಾತನಾಡಿದೆ. ಮುಗಿದ ಮೇಲೆ ನಮ್ಮ ಸಮಾಜದವರೇ ಆದ ಒಬ್ಬ ವೈದ್ಯರು ಬಳಿಗೆ ಬಂದು, ರೊಟ್ಟಿ ಮಾಡುವ ಆ ತಾಯಿ ಈ ಪರ್ವದಲ್ಲಿ ಕಾಣುತ್ತಿಲ್ಲವಲ್ಲ ಎಂದು ಕೇಳಿದರು. ನಾನು ಗುಟ್ಟಿನ ದನಿಯಲ್ಲಿ ಕಾರಣ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಬನ್ನಿ, ಕುಳಿತು ಮಾತನಾಡೋಣ ಎಂದರು.

ಅಂದು ಅವರಿಂದ ತಿಳಿದುದನ್ನು ಮತ್ತು ಅನಂತರ ಓದಿ ಅರಿತುದನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ.

ಕಾಮಾಲೆ ಎಂಬುದು ರೋಗದ ಹೆಸರಲ್ಲ, ಯಕೃತ್ತು ನೊಂದಾಗ ಕಾಣುವ ಒಂದು ಲಕ್ಷಣ. ಅದಕ್ಕೆ ಕಾರಣವಾಗುವ ವೈರಸ್‌ಗಳಲ್ಲಿ ಮುಖ್ಯವಾದ ಐದನ್ನು ಎ, ಬಿ, ಸಿ, ಡಿ, ಇ ಎಂದು ಕರೆಯುತ್ತಾರೆ. ಹೆಸರು ಒಂದೇ ಸಾಲಿನಲ್ಲಿದ್ದರೂ ಇವುಗಳ ದಾರಿ ಬೇರೆ ಬೇರೆ. ಎ ಮತ್ತು ಇ ಮಲದಿಂದ ಕಲುಷಿತವಾದ ನೀರು ಮತ್ತು ಆಹಾರದಿಂದ ಹರಡುತ್ತವೆ. 1955-56ರಲ್ಲಿ ದೆಹಲಿಯಲ್ಲಿ ಯಮುನೆಯ ಕುಡಿಯುವ ನೀರಿಗೆ ಚರಂಡಿಯ ನೀರು ಸೇರಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಅದು ಇ ವರ್ಗದ ರೋಗವೆಂದು ಬಹಳ ವರ್ಷಗಳ ಮೇಲೆ ತಿಳಿಯಿತು. ನಮ್ಮ ಜನ ಕಾಮಾಲೆಯ ಹೆಸರಿಗೇ ಅಂಜುವುದು ಇಂಥ ಅನುಭವಗಳಿಂದ. ಬಿ ಮತ್ತು ಸಿ ಹಾಗಲ್ಲ. ಸಿ ಹರಡುವುದು ರಕ್ತದಿಂದ ರಕ್ತಕ್ಕೆ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದು, ಸರಿಯಾಗಿ ಶುದ್ಧೀಕರಿಸದ ವೈದ್ಯಕೀಯ ಉಪಕರಣಗಳು, ಪರೀಕ್ಷಿಸದೆ ಕೊಟ್ಟ ರಕ್ತ, ಮಾದಕ ವ್ಯಸನಿಗಳು ಹಂಚಿಕೊಳ್ಳುವ ಸಿರಿಂಜು ಇವು ಮುಖ್ಯ ದಾರಿಗಳು. ತಾಯಿಯಿಂದ ಶಿಶುವಿಗೆ, ಲೈಂಗಿಕ ಸಂಪರ್ಕದಿಂದ ಬರುವುದುಂಟು, ಆದರೆ ಕಡಿಮೆ. ಅನ್ನದಿಂದ, ನೀರಿನಿಂದ, ಒಂದೇ ತಟ್ಟೆ ಲೋಟದಿಂದ, ಕೈ ಮುಟ್ಟುವುದರಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮಿನಿಂದ ಇದು ಬರುವುದಿಲ್ಲ. ಸೋಂಕುಳ್ಳ ತಾಯಿಯ ಎದೆಹಾಲಿನಿಂದಲೂ ಬರುವುದಿಲ್ಲ. ಸೋಂಕಿತರೆಂಬ ಕಾರಣಕ್ಕೆ ಅಡುಗೆ ಕೆಲಸದಿಂದ ಯಾರನ್ನೂ ದೂರವಿಡಬೇಕಾಗಿಲ್ಲವೆಂಬುದು ವೈದ್ಯಲೋಕದ ನಿಶ್ಚಿತ ಅಭಿಪ್ರಾಯ.

ಅಡುಗೆಯವರಿಂದ ರೋಗ ಹರಡುವುದೇ ಇಲ್ಲವೆಂದು ಇದರ ಅರ್ಥವಲ್ಲ. ನ್ಯೂಯಾರ್ಕ್ ನಗರದಲ್ಲಿ ಮೇರಿ ಮ್ಯಾಲನ್ ಎಂಬ ಅಡುಗೆಯವಳು ತಾನು ಆರೋಗ್ಯವಾಗಿದ್ದೂ ಟೈಫಾಯ್ಡ್ ರೋಗಾಣುಗಳನ್ನು ಒಡಲಲ್ಲಿ ಹೊತ್ತಿದ್ದಳು. 1907ರಲ್ಲಿ ಅವಳನ್ನು ಹಿಡಿದು ಪ್ರತ್ಯೇಕವಾಗಿಟ್ಟರು. ಬಿಟ್ಟ ಮೇಲೆ ಹೆಸರು ಬದಲಿಸಿ ಮತ್ತೆ ಅಡುಗೆಗೆ ನಿಂತು, 1915ರಲ್ಲಿ ಪುನಃ ಸಿಕ್ಕಿ, 1938ರಲ್ಲಿ ಬಂಧನದಲ್ಲಿಯೇ ತೀರಿಕೊಂಡಳು. ಟೈಫಾಯ್ಡ್ ಕೈಯಿಂದ ಅನ್ನಕ್ಕೆ ಹೋಗುವ ರೋಗ, ಅಲ್ಲಿ ಭಯಕ್ಕೆ ಆಧಾರವಿತ್ತು. ಆ ಭಯವನ್ನು ನಾವು ಆಧಾರವಿಲ್ಲದ ಕಡೆಗೆ ಹೊತ್ತೊಯ್ದೆವು. ಅಮೆರಿಕದಲ್ಲಿಯೂ 1990ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಚರ್ಚೆಗೆ ಬಂದಾಗ, ಎಚ್‌ಐವಿ ಸೋಂಕಿತರನ್ನು ಅಡುಗೆ ಕೆಲಸದಿಂದ ತೆಗೆಯಲು ಮಾಲೀಕರಿಗೆ ಅವಕಾಶವಿರಲೆಂಬ ತಿದ್ದುಪಡಿ ಸೂಚಿತವಾಗಿತ್ತು. ಕೊನೆಗೆ ಅದನ್ನು ಕೈಬಿಟ್ಟು, ಆಹಾರದಿಂದ ನಿಜವಾಗಿ ಹರಡುವ ರೋಗಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಲೆಂದು ಗೊತ್ತುಮಾಡಿದರು. ಆ ಪಟ್ಟಿಯಲ್ಲಿ ಹೆಪಟೈಟಿಸ್ ಎ ಇದೆ, ಟೈಫಾಯ್ಡ್ ಇದೆ. ಹೆಪಟೈಟಿಸ್ ಸಿ ಇಲ್ಲ.

ಇನ್ನು ನಾನು ಸಭೆಯಲ್ಲಿ ಉಲ್ಲೇಖಿಸಿದ ನಮ್ಮ ದೇಶದ ನಿಯಮ. ಮನೆಗೆ ಬಂದು ಅದನ್ನು ಪೂರ್ತಿ ಓದಿದೆ. ಮೊದಲು ಓದಿರಲಿಲ್ಲವೆಂದು ನಾಚಿಕೆಯಿಂದ ಹೇಳಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ ಅಡಿಯಲ್ಲಿ 2011ರಲ್ಲಿ ಬಂದ ನಿಯಮಾವಳಿಯ ಪ್ರಕಾರ ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯಾಗಬೇಕು. ಪ್ರಮಾಣಪತ್ರದ ನಮೂನೆಯಲ್ಲಿ ಯಾವುದೇ ಸಾಂಕ್ರಾಮಿಕ ರೋಗವಿಲ್ಲವೆಂಬ ಒಂದು ಸಾಲು ಇರುವುದು ನಿಜ. ಆದರೆ ಜೊತೆಗಿರುವ ಪರೀಕ್ಷೆಗಳ ಪಟ್ಟಿಯಲ್ಲಿ ದೇಹದ ಸಾಮಾನ್ಯ ತಪಾಸಣೆ, ಕಣ್ಣು, ಚರ್ಮ, ಕರುಳಿನ ರೋಗಗಳ ವಿರುದ್ಧ ಲಸಿಕೆ, ಸಂಶಯ ಬಂದರೆ ವೈದ್ಯರು ಹೇಳಿದ ಪರೀಕ್ಷೆ ಇಷ್ಟೇ ಇವೆ. ಹೆಪಟೈಟಿಸ್ ಸಿ ಪರೀಕ್ಷೆಯನ್ನು ಅದು ಹೆಸರಿಸಿ ಕೇಳುವುದಿಲ್ಲ. ಒಂದು ಸಾಲನ್ನು ಹಿಡಿದು ಅದರ ಉದ್ದೇಶವನ್ನು ಬಿಟ್ಟೆವು. ಆಹಾರವನ್ನು ಕಾಪಾಡಲೆಂದು ಬರೆದ ನಿಯಮವನ್ನು, ಆಹಾರಕ್ಕೆ ಯಾವ ಅಪಾಯವೂ ಇಲ್ಲದವರ ಅನ್ನ ಕಸಿಯಲು ಬಳಸಿದೆವು.

ವೈದ್ಯರು ಅಂದು ಏಳುವ ಮುನ್ನ ಒಂದು ಪ್ರಶ್ನೆ ಕೇಳಿದರು: ‘ನಿಮಗೆ ಯಾವಾಗಲಾದರೂ ರಕ್ತ ಕೊಟ್ಟಿದ್ದಾರೆಯೇ?’

ಕೊಟ್ಟಿದ್ದರು. 1986ರಲ್ಲಿ ಅಪಘಾತವಾಗಿ ಶಸ್ತ್ರಚಿಕಿತ್ಸೆಯಾದಾಗ ಎರಡು ಬಾಟಲಿ ರಕ್ತ ಏರಿಸಿದ್ದರು. ಹೆಪಟೈಟಿಸ್ ಸಿ ವೈರಸನ್ನು ಗುರುತಿಸಿದ್ದೇ 1989ರಲ್ಲಿ. ಅದಕ್ಕೂ ಮೊದಲು ಅದನ್ನು ಎ ಅಲ್ಲದ, ಬಿ ಅಲ್ಲದ ಕಾಮಾಲೆಯೆಂದೇ ಕರೆಯುತ್ತಿದ್ದರಂತೆ. ಆ ಶೋಧನೆಗೆ ಸಂಬಂಧಿಸಿದ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಎಂಬ ಮೂವರಿಗೆ 2020ರಲ್ಲಿ ನೊಬೆಲ್ ಬಹುಮಾನ ಬಂದಿತು. ನಮ್ಮ ದೇಶದಲ್ಲಿ ದಾನಿಗಳ ರಕ್ತವನ್ನು ಈ ರೋಗಕ್ಕಾಗಿ ಕಡ್ಡಾಯವಾಗಿ ಪರೀಕ್ಷಿಸತೊಡಗಿದ್ದು ಈ ಶತಮಾನದ ಆರಂಭದಲ್ಲಿ. ಹಾಗಾದರೆ ನೀವೂ ಒಮ್ಮೆ ಪರೀಕ್ಷಿಸಿಕೊಳ್ಳಿರಿ ಎಂದರು ವೈದ್ಯರು. ಈ ಸೋಂಕು ಇಪ್ಪತ್ತು ಮೂವತ್ತು ವರ್ಷ ಯಾವ ಲಕ್ಷಣವನ್ನೂ ತೋರದೆ ಯಕೃತ್ತನ್ನು ಸವೆಸುತ್ತಿರಬಹುದು. ಗಟ್ಟಿಯಾದ ಯಕೃತ್ತು, ಕ್ಯಾನ್ಸರ್ ಕಾಣಿಸಿಕೊಂಡಾಗ ತಡವಾಗಿರುತ್ತದೆ ಎಂದೂ ಹೇಳಿದರು.

ರಕ್ತ ಕೊಟ್ಟು ಬಂದೆ. ವರದಿ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಅಭಿಷೇಕಕ್ಕೆ ಹೋದೆ. ಅಂಗಡಿಯಲ್ಲಿ ಕುಳಿತು ಎಂದಿನಂತೆ ದ್ರಾಕ್ಷಿಯನ್ನು ಕೈಯಲ್ಲಿ ಹಿಡಿದು ದರ ಹೇಳಿದೆ. ಮೂರನೆಯ ದಿನ ಮಧ್ಯಾಹ್ನ, ಗಿರಾಕಿಯೊಬ್ಬರ ಮಗುವಿನ ಅಂಗೈಗೆ ನಾಲ್ಕು ಒಣದ್ರಾಕ್ಷಿ ಹಾಕುವಾಗ ನನ್ನ ಕೈ ತಾನಾಗಿ ನಿಂತಿತು. ನನ್ನ ರಕ್ತದಲ್ಲಿ ಏನಿದೆಯೋ ನನಗೇ ತಿಳಿಯದು. ಆದರೂ ನನ್ನನ್ನು ಗಾದಿಯಿಂದ ಏಳಿಸಲು ಯಾರೂ ಸಭೆ ಸೇರಿಲ್ಲ, ಠರಾವು ಬರೆದಿಲ್ಲ. ಅದೇ ಸಂಶಯಕ್ಕೆ ಆ ತಾಯಿಯ ಹದಿನಾಲ್ಕು ವರ್ಷಗಳ ಸೇವೆಯನ್ನು ನಾನು ಇಪ್ಪತ್ತು ನಿಮಿಷಗಳಲ್ಲಿ ಮುಗಿಸಿದ್ದೆ. ವರದಿ ನೆಗೆಟಿವ್ ಎಂದು ಬಂದಿತು. ಮನಸ್ಸು ಮಾತ್ರ ಹಗುರಾಗಲಿಲ್ಲ.

ಕ್ಷಮಾವಣಿಯ ದಿನ ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿದು ಕ್ಷಮೆ ಕೇಳಿದೆವು. ನೂರಾರು ಜನರ ಮುಂದೆ ಬಾಗಿದೆ. ನಿಜವಾಗಿ ಕ್ಷಮೆ ಕೇಳಬೇಕಾದವರು ಒಬ್ಬರೇ, ಅವರು ಅಲ್ಲಿರಲಿಲ್ಲ. ಮರುದಿನ ಅವರ ಮನೆಗೆ ಹೋದೆ.

ಬಾಗಿಲಲ್ಲಿ ನನ್ನನ್ನು ಕಂಡು ಗಾಬರಿಯಾಗಿ ಎದ್ದು ನಿಂತರು. ಕುಳಿತ ಮೇಲೆ ನೀರು ಕೇಳಿದೆ. ‘ಅಣ್ಣಾರ, ನಮ್ಮನ್ಯಾಗ ನೀರ ಕುಡೀತೀರೇನ್ರಿ?’ ಎಂದರು. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ನೀರು ಕುಡಿದು, ಆದುದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಅವರು ಅಳಲಿಲ್ಲ, ಜರಿಯಲೂ ಇಲ್ಲ. ಒಳಗಿನಿಂದ ಒಂದು ಗುಳಿಗೆಯ ಡಬ್ಬಿ ತಂದು ತೋರಿಸಿದರು. ನಾವು ಠರಾವು ಬರೆಯುತ್ತಿದ್ದಾಗ ಆ ತಾಯಿ ತಾವೇ ಸರ್ಕಾರಿ ಚಿಕಿತ್ಸಾ ಕೇಂದ್ರವನ್ನು ಹುಡುಕಿಕೊಂಡು ಹೋಗಿದ್ದರು. ಅಂದಿಗೆ ನಲವತ್ತನೆಯ ಗುಳಿಗೆ. ‘ಬ್ಯಾನಿ ಗುಳಗಿ ತಗೊಂಡ್ರ ಹೋಗತೈತಂತ ಡಾಕ್ಟರ್ ಹೇಳ್ಯಾರ್ರಿ ಅಣ್ಣಾರ. ಮಂದಿ ಬಾಯಾಗಿಂದು ಹ್ಯಾಂಗ ಹೋಗಬೇಕು?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಗುಳಿಗೆಯ ಸಂಗತಿ ವ್ಯಾಪಾರಿಯಾದ ನನಗೆ ಬಹಳ ವಿಚಾರಕ್ಕೀಡುಮಾಡಿತು. ಸೋಫೋಸ್ಬುವಿರ್ ಎಂಬ ಈ ಔಷಧ 2013ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಒಂದು ಗುಳಿಗೆಯ ಬೆಲೆ 1,000 ಡಾಲರ್. ಹನ್ನೆರಡು ವಾರಗಳಿಗೆ 84 ಗುಳಿಗೆ, 84,000 ಡಾಲರ್. ಅಂದಿನ ನಮ್ಮ ಹಣದಲ್ಲಿ ಐವತ್ತು ಲಕ್ಷ ರೂಪಾಯಿಗೂ ಹೆಚ್ಚು. 2014ರಿಂದ ಭಾರತದ ಕಂಪನಿಗಳಿಗೆ ತಯಾರಿಸಲು ಪರವಾನಗಿ ದೊರೆತು ಬೆಲೆ ಇಳಿಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೂಲಕ ಪರೀಕ್ಷೆಯೂ ಔಷಧವೂ ಉಚಿತವಾಗಿ ದೊರೆಯುತ್ತವೆ. ಸಾಮಾನ್ಯವಾಗಿ ಹನ್ನೆರಡು ವಾರ, ಯಕೃತ್ತು ಹೆಚ್ಚು ಕೆಟ್ಟಿದ್ದರೆ ಕೆಲವರಿಗೆ ಇಪ್ಪತ್ತನಾಲ್ಕು ವಾರ ಸೇವಿಸಬೇಕು. ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಜನ ಸಂಪೂರ್ಣ ಗುಣವಾಗುತ್ತಾರೆ. ಔಷಧವು ಬಡವರ ಮನೆ ಬಾಗಿಲಿಗೆ ಬಂದಿದೆ. ನಮ್ಮ ತಿಳಿವಳಿಕೆ ಇನ್ನೂ ಅಷ್ಟು ದೂರ ನಡೆದಿಲ್ಲ.

ಆ ತಾಯಿಯ 84 ದಿನಗಳು ಮುಗಿದವು. ಮತ್ತೆ ಹನ್ನೆರಡು ವಾರಗಳ ನಂತರದ ಪರೀಕ್ಷೆಯಲ್ಲಿ ವೈರಸ್ ಕಾಣಲಿಲ್ಲ. ಇಲ್ಲಿ ಒಂದು ಸೂಕ್ಷ್ಮವನ್ನು ಎಲ್ಲರೂ ತಿಳಿಯಬೇಕು. ಮೊದಲ ಸಾಮಾನ್ಯ ಪರೀಕ್ಷೆ ತೋರಿಸುವುದು ಪ್ರತಿಕಾಯಗಳನ್ನು, ಎಂದರೆ ಸೋಂಕು ಎಂದಾದರೂ ತಗುಲಿತ್ತೆಂಬ ಗುರುತನ್ನು. ಅದು ಗುಣವಾದ ಮೇಲೂ ಬಹುಮಟ್ಟಿಗೆ ಜೀವನಪೂರ್ತಿ ಪಾಸಿಟಿವ್ ಎಂದೇ ಬರುತ್ತದೆ. ಸೋಂಕು ತಗುಲಿದವರಲ್ಲಿ ನೂರಕ್ಕೆ ಸುಮಾರು ಮೂವತ್ತು ಜನರಲ್ಲಿ ಆರು ತಿಂಗಳೊಳಗೆ ಚಿಕಿತ್ಸೆಯಿಲ್ಲದೆಯೂ ವೈರಸ್ ಹೋಗಿಬಿಡುತ್ತದೆ. ಈಗ ಸೋಂಕು ಇದೆಯೇ ಎಂಬುದನ್ನು ಆರ್‌ಎನ್‌ಎ ಎಂಬ ಎರಡನೆಯ ಪರೀಕ್ಷೆಯೇ ಹೇಳಬೇಕು. ನಾವು ಮೊದಲ ಕಾಗದವನ್ನು ಕಂಡೇ ತೀರ್ಪು ಕೊಟ್ಟಿದ್ದೆವು.

ಸೋಂಕು ಅವರಿಗೆ ಎಲ್ಲಿಂದ ಬಂದಿತು? ಹಳೆಯ ಹೆರಿಗೆಯಲ್ಲಿ ಕೊಟ್ಟ ರಕ್ತವೋ, ಹಳ್ಳಿಯಲ್ಲಿ ಹಾಕಿಸಿಕೊಂಡ ಸೂಜಿಯೋ ಹೇಳಲಾಗದೆಂದರು ವೈದ್ಯರು. ಈಜಿಪ್ಟ್ ದೇಶದಲ್ಲಿ 1950ರಿಂದ 1980ರ ದಶಕದವರೆಗೆ ಬಸವನಹುಳುಗಳ ಮೂಲಕ ಹರಡುವ ಒಂದು ಜಂತುರೋಗದ ನಿವಾರಣೆಗೆಂದು ಊರೂರಿನಲ್ಲಿ ಸೂಜಿ ಹಾಕಿದರು. ಸೂಜಿಗಳನ್ನು ಸರಿಯಾಗಿ ಶುದ್ಧಗೊಳಿಸದೆ ಮತ್ತೆ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಸಿ ದೇಶದ ತುಂಬ ಹಬ್ಬಿತು. ಗುಜರಾತಿನ ಮೋಡಾಸಾದಲ್ಲಿ 2009ರಲ್ಲಿ ಬಳಸಿದ ಸಿರಿಂಜುಗಳಿಂದ ಹೆಪಟೈಟಿಸ್ ಬಿ ಹರಡಿ ಹಲವರು ಪ್ರಾಣ ಕಳೆದುಕೊಂಡರು. ಪ್ರಮಾದದಿಂದಾದ ಪ್ರಾಣಹಾನಿಯೂ ಹಿಂಸೆಯೇ ಎಂದು ನಮ್ಮ ಶಾಸ್ತ್ರ ಹೇಳುವುದು ಎಷ್ಟು ದೂರದೃಷ್ಟಿಯ ಮಾತು! ಹಿತವನ್ನೇ ಬಯಸಿದವರ ಕೈಯ ಅಜಾಗರೂಕ ಸೂಜಿಯಿಂದ ಹಿಂಸೆಯಾಯಿತು. ರೊಟ್ಟಿ ಬಡಿಯುವ ಎಚ್ಚರದ ಕೈಯಿಂದ ಆಗಲಿಲ್ಲ.

ಈಗ ಉದ್ದಾಯನನ ಕಥೆ ನನಗೆ ಬೇರೆಯಾಗಿ ಕೇಳಿಸುತ್ತದೆ. ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ಆಹಾರ ಸ್ವೀಕರಿಸಿ ರಾಜನ ಮೇಲೆಯೇ ವಾಂತಿ ಮಾಡಿದಾಗ, ರಾಜನು ಮೂಗು ಮುಚ್ಚಿಕೊಳ್ಳದೆ, ತಾನು ಕೊಟ್ಟ ಆಹಾರದಲ್ಲಿಯೇ ದೋಷವಿರಬೇಕೆಂದು ಮರುಗಿ ಮುನಿಯ ಮೈ ತೊಳೆದನು. ದೋಷವನ್ನು ಮೊದಲು ತನ್ನಲ್ಲಿ ಹುಡುಕಿದನೆಂಬುದು ಅಲ್ಲಿಯ ತಿರುಳು. ನಾನು ಪ್ರವಚನದಲ್ಲಿ ಅದನ್ನು ಬಿಟ್ಟು ವಾಂತಿಯ ವರ್ಣನೆಯನ್ನೇ ಹಿಗ್ಗಿಸುತ್ತಿದ್ದೆ. ಐದನೆಯ ಅಂಗವಾದ ಉಪಗೂಹನವು ಸಾಧರ್ಮಿಗಳ ಕುಂದನ್ನು ಬಯಲಿಗೆಳೆಯಬೇಡವೆನ್ನುತ್ತದೆ. ಕುಂದನ್ನೇ ಮರೆಯಿಡಬೇಕೆಂದ ಮೇಲೆ, ದೋಷವೇ ಅಲ್ಲದ ರೋಗವನ್ನು ಸಾರುವುದು ಎಂಥ ಅಪರಾಧ? ಅವರ ಹೆಸರನ್ನು ಇಲ್ಲಿ ಬರೆಯದಿರುವುದು ಅದಕ್ಕಾಗಿ. ಆರನೆಯದಾದ ಸ್ಥಿತಿಕರಣವು ಜಾರುತ್ತಿರುವವರನ್ನು ಹಿಡಿದು ನಿಲ್ಲಿಸು ಎನ್ನುತ್ತದೆ. ನಾವು ನಿಂತವರನ್ನು ತಳ್ಳಿದೆವು.

ಮುನಿಗಳ ಆಹಾರದ ಚೌಕೆಯ ಪ್ರಶ್ನೆಯನ್ನು ಹಿರಿಯರೊಬ್ಬರು ಎತ್ತಿದರು. ಯೋಚಿಸಿದರೆ ಅಲ್ಲಿಯೂ ತೊಡಕಿಲ್ಲ. ರಕ್ತದರ್ಶನ ಮುನಿಗಳ ಆಹಾರಕ್ಕೆ ಅಂತರಾಯವೆಂದು ಶಾಸ್ತ್ರವೇ ಎಣಿಸಿದೆ. ಕೈಗೆ ಗಾಯವಾಗಿ ರಕ್ತ ಬರುತ್ತಿರುವವರು ಯಾರೇ ಆಗಲಿ ಅಂದು ಚೌಕೆಯಿಂದ ದೂರವಿರುವುದು ನಮ್ಮ ಪದ್ಧತಿ. ಈ ಎಚ್ಚರ ಎಲ್ಲರಿಗೂ ಒಂದೇ. ಇನ್ನೊಂದು ಮಾತು. ಬಟ್ಟೆಯಲ್ಲಿ ಸೋಸಿದ ನೀರಿನಿಂದ ಕಣ್ಣಿಗೆ ಕಾಣುವ ಜೀವಿಗಳ ರಕ್ಷಣೆಯಾಗುತ್ತದೆ, ಆದರೆ ಎ ಮತ್ತು ಇ ವೈರಸ್‌ಗಳನ್ನು ಬಟ್ಟೆ ತಡೆಯಲಾರದು. ಚೆನ್ನಾಗಿ ಕುದಿಸಿದ ನೀರೇ ಬೇಕು. ನಿಜವಾದ ಅಪಾಯವಿರುವ ಕಡೆ ನಾವು ಸಡಿಲರಾಗಿದ್ದೆವು.

ನಮ್ಮ ಟ್ರಸ್ಟ್ ಹಳೆಯ ಠರಾವನ್ನು ರದ್ದುಮಾಡಿ ಹೊಸದನ್ನು ಬರೆಯಿತು. ಇತರ ಟ್ರಸ್ಟುಗಳಿಗೂ ಉಪಯೋಗವಾದೀತೆಂದು ಅದರ ಸಾರಾಂಶ ಹೇಳುತ್ತೇನೆ. ಅಡುಗೆಯವರ ತಪಾಸಣೆಯ ಕಾಗದಗಳನ್ನು ಒಬ್ಬರೇ ನೋಡಿ ಬೀಗದಲ್ಲಿಡಬೇಕು, ಸಭೆಯಲ್ಲಿ ಓದಕೂಡದು. ವೈದ್ಯರ ಲಿಖಿತ ಅಭಿಪ್ರಾಯವಿಲ್ಲದೆ ರೋಗದ ಕಾರಣಕ್ಕೆ ಯಾರನ್ನೂ ಬಿಡಿಸಕೂಡದು. ವಾಂತಿ, ಭೇದಿ, ಜ್ವರ, ಕಣ್ಣು ಹಳದಿಯಾಗುವುದು, ಕೀವು ತುಂಬಿದ ಹುಣ್ಣು ಇವು ಕಂಡರೆ ಗುಣವಾಗುವವರೆಗೆ ಸಂಬಳಸಹಿತ ರಜೆ ಕೊಡಬೇಕು. ಸಂಬಳ ಕತ್ತರಿಸಿದರೆ ಬಡವರು ರೋಗವನ್ನು ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾರೆ, ಆಗಲೇ ಯಾತ್ರಿಕರಿಗೆ ಅಪಾಯ. ಅಡುಗೆಮನೆಯಲ್ಲಿ ಸಾಬೂನು, ನೀರು, ಪ್ರಥಮೋಪಚಾರದ ಪೆಟ್ಟಿಗೆ ಇರಬೇಕು. ಯಾರ ಕೈ ಕೊಯ್ದುಕೊಂಡರೂ ಕೆಲಸ ನಿಲ್ಲಿಸಿ, ತೊಳೆದು, ನೀರು ತಾಗದ ಪಟ್ಟಿ ಕಟ್ಟಿ, ಕೈಗವಸು ಹಾಕಬೇಕು. ರಕ್ತ ತಾಗಿದ ಪದಾರ್ಥವನ್ನು ಚೆಲ್ಲಿ, ಈಳಿಗೆ, ಮಣೆಗಳನ್ನು ಬ್ಲೀಚಿಂಗ್ ದ್ರಾವಣದಿಂದ ತೊಳೆಯಬೇಕು. ಮನೆಗಳಲ್ಲಿ ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷುಗಳನ್ನು ಹಂಚಿಕೊಳ್ಳಬಾರದು. ಹಿಂದೆ ರಕ್ತ ಪಡೆದ ನನ್ನಂಥವರು ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಈ ರೋಗಕ್ಕೆ ಲಸಿಕೆ ಇನ್ನೂ ಇಲ್ಲ, ಆದರೆ ಚಿಕಿತ್ಸೆ ಇದೆ.

ತಡೆಹಿಡಿದ ತಿಂಗಳುಗಳ ಸಂಬಳವನ್ನು ಲೆಕ್ಕ ಮಾಡಿ ಅವರಿಗೆ ಸಲ್ಲಿಸಿದೆವು. ಕೂಡಲೇ ಕೆಲಸಕ್ಕೆ ಬನ್ನಿರೆಂದಾಗ ಅವರು ಒಪ್ಪಲಿಲ್ಲ. ‘ನಿಮ್ಮ ಮನಸ್ಸಿನ್ಯಾಗಿನ ಅನುಮಾನ ಹೋಗೂ ತನಕ ನಾ ಬರಂಗಿಲ್ರಿ’ ಎಂದರು. ಆರು ತಿಂಗಳ ಮೇಲೆ, ಮಹಾವೀರ ಜಯಂತಿಯ ಹಿಂದಿನ ದಿನ, ಯಾರೂ ಕರೆಯದೆ ತಾವಾಗಿ ಬಂದು ಒಲೆ ಹೊತ್ತಿಸಿದರು. ಅಂದು ಮೊದಲ ಪಂಕ್ತಿಯಲ್ಲಿ ಟ್ರಸ್ಟಿನ ಸದಸ್ಯರೆಲ್ಲರೂ ಕುಳಿತೆವು.

ಮಗಳ ಆ ಸಂಬಂಧ ಮಾತ್ರ ಮತ್ತೆ ಕೂಡಿಬರಲಿಲ್ಲ. ನಲವತ್ತು ವರ್ಷ ಜಮಾ-ಖರ್ಚು ಬರೆದ ನನಗೆ ಆ ಬಾಕಿಯನ್ನು ಯಾವ ಖಾತೆಯಲ್ಲಿ ತೀರಿಸಬೇಕೋ ತಿಳಿದಿಲ್ಲ. ಹಳೆಯ ಠರಾವಿನ ಪುಟವನ್ನು ಹರಿದುಹಾಕೋಣವೆಂದು ಕೆಲವರು ಸೂಚಿಸಿದರು, ಬೇಡವೆಂದೆ. ಅದು ನನ್ನ ಕೈಬರಹದಲ್ಲಿದೆ. ಪ್ರತಿವರ್ಷ ಶೌಚ ಧರ್ಮದ ಪ್ರವಚನಕ್ಕೆ ಹೋಗುವ ಮೊದಲು ಅದನ್ನೊಮ್ಮೆ ತೆಗೆದು ಓದುತ್ತೇನೆ.